ಮೂರು ಸಲ ಕುಂಞಿ

ರಾತ್ರಿ ಒಂದು ಗಂಟೆಯ ಮೇಲೆ ಎಲ್ಲೋ 'ಟಿಕ್' ಎಂದಿತು. ಬಹಳ ಸಣ್ಣ ಸದ್ದು; ಸ್ಟೀಲಿನ ಲೋಟವನ್ನು ಯಾರೋ ಜೋಪಾನವಾಗಿ ಕಲ್ಲಿನ ಮೇಲೆ ಇಟ್ಟ ಹಾಗೆ. ಭವಿತಾ ಕಣ್ಣು ಬಿಟ್ಟಳು. ಫೋನನ್ನು ಆರಿಸಿ ಮೇಜಿನ ಖಾನೆಯೊಳಗೆ ಇಟ್ಟೇ ಮಲಗಿದ್ದಳು, ಹಾಗಾಗಿ ಅದು ಆ ಸದ್ದಾಗಿರುವುದು ಸಾಧ್ಯವಿರಲಿಲ್ಲ. 'ಮನೆಮಾತು' ಎಂಬ ಆ್ಯಪ್ ಒಂದು ಧ್ವನಿಯನ್ನು ಒಪ್ಪಿಕೊಂಡಾಗ ಹೀಗೇ 'ಟಿಕ್' ಎನ್ನುತ್ತಿತ್ತು, ಪರದೆಯ ಮೂಲೆಯಲ್ಲಿ ಒಂದು ಹಸಿರು ಬೊಟ್ಟು ಮೂಡುತ್ತಿತ್ತು. ಮೂರು ವಾರದ ಹಿಂದೆ ಒಂದೇ ಹಗಲಿನಲ್ಲಿ ಅದು ಆರು ಸಾವಿರದ ಇನ್ನೂರ ಹದಿನಾಲ್ಕು ಸಲ ಹಾಗೆ ಎಂದಿತ್ತು. ಅವಳು ಕತ್ತಲಲ್ಲಿ ಕಿವಿಯಾಗಿ ಕಾದಳು. ಮತ್ತೊಮ್ಮೆ ಸದ್ದಾಯಿತು. ಟ್ಯೂಬ್‌ಲೈಟಿನ ಪಟ್ಟಿಯ ಹಿಂದಿನ ಹಲ್ಲಿ. ಹಲ್ಲಿ ಲೊಚಗುಟ್ಟಿದರೆ ಆಡುತ್ತಿದ್ದ ಮಾತು ಸತ್ಯವೆಂದು ದೊಡ್ಡವ್ವ ಬೆರಳಿನಿಂದ ನೆಲ ತಟ್ಟುತ್ತಿದ್ದಳು. ಈಗ ಯಾರೂ ಏನೂ ಆಡಿರಲಿಲ್ಲ. ಪಕ್ಕದಲ್ಲಿ ಅವಿನ್ ಗೋಡೆಯ ಕಡೆ ತಿರುಗಿ ನಿದ್ದೆ ಮಾಡುತ್ತಿದ್ದ. ಅವಿನ್, ಎಂದು ಮೆಲ್ಲಗೆ ಕರೆದಳು, ಎಬ್ಬಿಸುವುದಕ್ಕಲ್ಲ, ಗಂಡನ ಹೆಸರು ಬಾಯಲ್ಲಿ ಹೇಗಿರುತ್ತದೆಂದು ನೋಡುವುದಕ್ಕೆ. ಅದು ಹೇಗೂ ಇರಲಿಲ್ಲ. ದಿನಕ್ಕೆ ಇಪ್ಪತ್ತು ಸಲ ಕೂಗುವ ಹೆಸರು, ಬಾಗಿಲ ಚಿಲಕದ ಹಾಗೆ ಕೈಗೆ ಸಿಕ್ಕಿ ಕೈ ಬಿಡುವಂಥದ್ದು.

ಬೆಳಿಗ್ಗೆ ಪುತ್ತೂರಿನ ಬಸ್‌ನಿಲ್ದಾಣದಲ್ಲಿ ಸುಳ್ಯದ ಬಸ್ಸು ಹತ್ತಿ ಕಿಟಕಿಯ ಸೀಟು ಹಿಡಿದಾಗಲೂ ಹೋಗಬೇಕೋ ಬೇಡವೋ ಎಂದು ಅವಳು ತೀರ್ಮಾನಿಸಿರಲಿಲ್ಲ. ಜಾಲ್ಸೂರಿನಿಂದ ದೊಡ್ಡಪ್ಪ ಕೂಸಪ್ಪ ನಿನ್ನೆ ಫೋನು ಮಾಡಿದ್ದ. "ನಾಳೆ ಊಟಕ್ಕೆ ಬರ್ಬೇಕು ನೀನು. ಕೋಳಿ ಉಂಟು. ನೀನು ನನಗೆ ಎಂತ ಕೊಟ್ಟಿದ್ದಿ ಅಂತ ನಿನಗೇ ಗೊತ್ತಿಲ್ಲ ಗೂಡೆ." ಗೂಡೆ ಎಂದರೆ ಹುಡುಗಿ, ಅವನ ಬಾಯಲ್ಲಿ ಅವಳು ಈಗಲೂ ಅದೇ. ಏನು ಕೊಟ್ಟಿದ್ದೇನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆ ಮನೆಯಲ್ಲಿ ಅವಳು ಮೂರು ವರ್ಷ ಇದ್ದವಳು, ಸುಳ್ಯದಲ್ಲಿ ಓದುವಾಗ. ದೊಡ್ಡಪ್ಪ ಆಗ ಸುಳ್ಯದಿಂದ ಕಾಸರಗೋಡಿಗೆ ಹೋಗುವ ಬಸ್ಸಿನ ಕಂಡಕ್ಟರು. ಗಡಿಯ ಆಚೆಗೂ ಈಚೆಗೂ ನಾಲ್ಕು ಭಾಷೆಯಲ್ಲಿ ಜನ ಅವನ ಹೆಸರು ಕೂಗುತ್ತಿದ್ದರು. ಕೂಸಪ್ಪಣ್ಣ, ಚಿಲ್ಲರೆ ಕೊಡಿ, ಕೂಸಪ್ಪಣ್ಣ, ನಮ್ಮ ಅಜ್ಜಿಯನ್ನು ಮುಳ್ಳೇರಿಯದಲ್ಲಿ ಇಳಿಸಿ. ಕೂಗದೆ ಇದ್ದವಳು ಒಬ್ಬಳೇ, ಅವನ ಹೆಂಡತಿ, ಭವಿತಾಳ ದೊಡ್ಡವ್ವ ಪ್ರೇಮಾವತಿ. ಅವಳಿಗೆ ಅವನು 'ಇವರು'. ದೂರ ಇದ್ದರೆ 'ಓಯ್, ಇಲ್ಲಿ ಕೇಳ್ತಾ'. ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಒಂದು ಬೆರಳು ಕಡಿಮೆಯಾಗುತ್ತದೆ ಎಂದು ಅವಳ ಅವ್ವ ಮದುವೆಯ ಚಪ್ಪರದಲ್ಲಿ ಹೇಳಿಕೊಟ್ಟಿದ್ದಳಂತೆ. ರೇಷನ್ ಅಂಗಡಿಯವನು ಯಜಮಾನರ ಹೆಸರು ಕೇಳಿದರೆ ಭವಿತಾಳನ್ನು ಮುಂದೆ ದೂಡುತ್ತಿದ್ದಳು. ಇದೆಲ್ಲ ಭವಿತಾಳಿಗೆ ಗೊತ್ತಿತ್ತು. ಗೊತ್ತಿದ್ದದ್ದು ಬೇಕಾದ ಹೊತ್ತಿಗೆ ಯಾವ ಮೂಲೆಯಲ್ಲಿ ಕುಳಿತಿತ್ತು ಎಂಬುದೇ ಗೊತ್ತಾಗಲಿಲ್ಲ.

ಬಸ್ಸು ಕುಂಬ್ರ ದಾಟಿತು. ಎದುರಿನ ಸೀಟಿನ ಹಿಂಬದಿಗೆ ಅಂಟಿಸಿದ ಜಾಹೀರಾತಿನಲ್ಲಿ ಅಭಿಯಾನದ ಚಿತ್ರ ಇನ್ನೂ ಇತ್ತು, ಒಂದು ತುದಿ ಕಿತ್ತು ಹೋಗಿತ್ತು: 'ಮೂರು ತಾಲೂಕು, ಒಂದು ಹಗಲು, ಒಂದು ವಾಕ್ಯ'. ಮಂಗಳೂರಿನ ಸಣ್ಣ ಕಂಪೆನಿಯೊಂದರ ಪ್ರಚಾರದ ಅಭಿರಾಮ್ ಕಾಲೇಜಿಗೆ ಬಂದು, ನಮ್ಮ ಆ್ಯಪ್ ಅರೆಭಾಷೆ ಬ್ಯಾರಿ ಎರಡನ್ನೂ ಕೇಳಿ ಬರೆಯುತ್ತದೆ ಮೇಡಂ, ಆದರೆ ಬಿಡುಗಡೆಯ ಸುದ್ದಿ ಯಾರು ಓದುತ್ತಾರೆ, ದಾಖಲೆ ಮಾಡಿದರೆ ಓದುತ್ತಾರೆ ಎಂದಿದ್ದ. ಒಂದೇ ಹಗಲಿನಲ್ಲಿ ಒಂದೇ ವಾಕ್ಯವನ್ನು ತಮ್ಮ ಮನೆಯ ಮಾತಿನಲ್ಲಿ ಅತಿ ಹೆಚ್ಚು ಜನ ಹೇಳಿದ ದಾಖಲೆ. ಅರೆಭಾಷೆಯ ಕಡೆಗೆ ಪರಿಶೀಲಕಿ ಭವಿತಾ, ಬ್ಯಾರಿಯ ಕಡೆಗೆ ಅವಳ ಜೊತೆ ಪಾಠ ಮಾಡುವ ಉಪ್ಪಿನಂಗಡಿಯ ನಶೀದಾ. ವಾಕ್ಯವನ್ನು ಬರೆದವಳು ಭವಿತಾ. ಮಗು ಮಲಗಿದೆ, ಮೆಲ್ಲ ಮಾತಾಡಿ. ಸಾವಿರಾರು ಜನ ಮೈಕಿನಲ್ಲಿ ಮೆಲ್ಲ ಮಾತಾಡಿ ಎನ್ನುವುದರ ತಮಾಷೆ ಅವಳಿಗೆ ಹಿಡಿಸಿತ್ತು. ಅರೆಭಾಷೆಯಲ್ಲಿ ಅದು 'ಕೂಸು ಒರ್ಗಿಟು, ಮೆಲ್ಲ ಮಾತಾಡಿ'. ಕೂಸು ಎಂಬ ಪದವನ್ನು ಅವಳು ಬೇಕೆಂದೇ ಆರಿಸಿದ್ದಳು, ಹಳೆಯ ತಾಮ್ರದ ಪಾತ್ರೆಯನ್ನು ಹುಳಿ ಹಾಕಿ ಉಜ್ಜಿ ಅಟ್ಟದಿಂದ ಇಳಿಸುವವಳ ಹೆಮ್ಮೆಯಿಂದ. ಆ್ಯಪಿನ ಪದಕೋಶಕ್ಕೆ ಕೊಟ್ಟ ಟಿಪ್ಪಣಿಯಲ್ಲಿ ಅದಕ್ಕೂ ಮೊದಲೇ ಹೀಗೆ ಬರೆದಿದ್ದಳು: 'ಜಾಲ್ಸೂರು ಭಾಗದ ಕೆಲವು ಮನೆಗಳಲ್ಲಿ ಕೂಸು ಎಂಬ ಪದ ಬಳಕೆ ತಪ್ಪಿದೆ, ಮಲಯಾಳದ ಪ್ರಭಾವದಿಂದ ಕುಂಞಿ ಎಂಬುದು ಆ ಜಾಗಕ್ಕೆ ಬಂದಿದೆ.' ಕೆಲವು ಮನೆಗಳು ಎಂದರೆ ಒಂದು ಮನೆ. ತಾನು ಮೂರು ವರ್ಷ ಊಟ ಮಾಡಿದ ಮನೆ. ಅಲ್ಲಿ ದೊಡ್ಡವ್ವ ಎಲ್ಲರ ಮಕ್ಕಳನ್ನೂ ಕುಂಞಿ ಎನ್ನುತ್ತಿದ್ದಳು, ಅವಳ ಮಗ ಲತೀಶ್ ಅವಳಿಂದ ಕಲಿತು ಹಾಗೇ ಎನ್ನುತ್ತಿದ್ದ. ಗಡಿ ಒಂದೂವರೆ ಮೈಲಿಯಲ್ಲಿತ್ತು. ಭವಿತಾ ಗಡಿಯನ್ನು ನೋಡಿದಳು, ಹೆಂಗಸಿನ ಬಾಯಿಯನ್ನು ನೋಡಲಿಲ್ಲ.

ಮೊದಲ ಧ್ವನಿಗೆ ದೊಡ್ಡವ್ವನೇ ಇರಲಿ ಎಂದವಳೂ ತಾನೇ. ಸುಳ್ಯದ ಸಭಾಂಗಣದಲ್ಲಿ ಬೆಳಿಗ್ಗೆ ಒಂಬತ್ತಕ್ಕೆ, ವೇದಿಕೆಯ ಹಿಂದೆ ಗೋಡೆಯಷ್ಟು ದೊಡ್ಡ ಪರದೆ, ಅದರಲ್ಲಿ ನಾಲ್ಕು ಸೊನ್ನೆಗಳು. ಮೈಕ್ ಪರೀಕ್ಷೆಗೆ ಏನಾದರೂ ಮಾತಾಡಿ ಅಜ್ಜಿ ಎಂದು ಅಭಿರಾಮ್ ಹೇಳಿದಾಗ ಪ್ರೇಮಾವತಿ, ಮೇಜಿನ ಹತ್ತಿರ ನಿಂತೇ ಇದ್ದ ಭವಿತಾಳನ್ನು ನೋಡಿ, "ನೀನು ಕೂತ್ಕೋ ಗೂಡೆ, ಸುಳ್ಯದ ಸೆಕೆ ನಿನಗೆ ಆಗುದಿಲ್ಲ" ಎಂದಿದ್ದಳು. ಜನ ನಕ್ಕಿದ್ದರು. ಆಮೇಲೆ ಕೈಗೆ ಚೀಟಿ ಕೊಟ್ಟರು. ಪ್ರೇಮಾವತಿ ಚೀಟಿ ಓದಿದಳು, ಇನ್ನೊಮ್ಮೆ ಓದಿದಳು, ಸೆರಗನ್ನು ಹೆಗಲಿಗೆ ಎಳೆದುಕೊಂಡು ಸ್ಪಷ್ಟವಾಗಿ ಹೇಳಿದಳು: "ಕುಂಞಿ ಒರ್ಗಿಟು, ಮೆಲ್ಲ ಮಾತಾಡಿ." ಪರದೆ ಕೆಂಪಾಯಿತು. ಸೊನ್ನೆ ಸೊನ್ನೆಯಾಗಿಯೇ ಉಳಿಯಿತು. ನಿರೂಪಕ, ಅಜ್ಜಿಗೆ ಸ್ವಲ್ಪ ಹೆದರಿಕೆ, ಒಂದು ಚಪ್ಪಾಳೆ ಕೊಡುವ ಎಂದ. ಎರಡನೆಯ ಸಲ ಕುಂಞಿ. ಕೆಂಪು. "ಕನ್ನಡಕ ಕೊಡಿ ಮಾರಾಯ್ರೆ" ಎಂದು ಹಿಂದಿನಿಂದ ಯಾರೋ ಹೇಳಿದರು, ಇನ್ಯಾರೋ "ಅಕ್ಷರ ಬರುದಿಲ್ವೋ ಏನೋ" ಎಂದರು. ಏಳನೆಯ ತರಗತಿಯವರೆಗೆ ಓದಿದವಳು, ದಿನಾ ಪೇಪರು ಓದುವವಳು. ಎರಡನೆಯ ಸಾಲಿನಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಕೂಸಪ್ಪ ಅರ್ಧ ಎದ್ದು, ಬಸ್ಸಿಗೆ ರೈಟ್ ಕೊಡುವ ಹಾಗೆ ಕೈ ಬೀಸುತ್ತಿದ್ದ. ಮೂರನೆಯ ಸಲ ಹೇಳುವ ಮೊದಲು ಪ್ರೇಮಾವತಿ ಅವನನ್ನು ನೋಡಲಿಲ್ಲ, ಭವಿತಾಳನ್ನು ನೋಡಿದಳು. ಕುಂಞಿ ಎಂದಳು. ಆ ನೋಟದಲ್ಲಿ ಬೇಡಿಕೆ ಏನೂ ಇರಲಿಲ್ಲ. ನೀನು ನಮ್ಮ ಮನೆಯಲ್ಲಿದ್ದವಳಲ್ಲವಾ, ನಿನಗೆ ಗೊತ್ತಲ್ಲ, ಎಂಬಷ್ಟೇ ಇತ್ತು. ಆಗ ಭವಿತಾಳಿಗೆ ಎಲ್ಲ ಒಟ್ಟಿಗೆ ತಿಳಿಯಿತು. ಕೂಸು, ಕೂಸಪ್ಪ. ಐವತ್ತೊಂದು ವರ್ಷ ಇವಳು ಒಂದು ಹೆಸರನ್ನು ಮಾತ್ರವಲ್ಲ, ಆ ಹೆಸರಿನ ಬಾಗಿಲಿಗೆ ಹೋಗುವ ಪದವನ್ನೂ ಬಿಟ್ಟು ಸುತ್ತಿ ನಡೆದಿದ್ದಳು.

ಮೇಜಿನಿಂದ ಮೈಕಿಗೆ ಎಂಟು ಹೆಜ್ಜೆ. ಆಮೇಲೆ ಭವಿತಾ ಅದನ್ನು ಮನಸ್ಸಿನಲ್ಲಿ ಎಷ್ಟೋ ಸಲ ನಡೆದಿದ್ದಾಳೆ. ಎದ್ದು ಹೋಗಿ, ಪದ ಆರಿಸುವಾಗ ನನ್ನಿಂದ ತಪ್ಪಾಯಿತು, ಇವರಿಂದಲ್ಲ, ಎಂದರೆ ಮುಗಿಯುತ್ತಿತ್ತು. ಬೇರೆ ಯಾರಾದರೂ ಮೊದಲ ಧ್ವನಿ ಕೊಡುತ್ತಿದ್ದರು. ಅವಳು ಏಳಲಿಲ್ಲ. ಅಭಿರಾಮ್ ಬಗ್ಗಿ ಅವಳ ಕಿವಿಯಲ್ಲಿ, "ಮೇಡಂ, ಲೈವ್ ಹೋಗ್ತಾ ಉಂಟು. 'ಪೂರ್ಣಗೊಳಿಸು' ಒತ್ತಿಬಿಡಿ" ಎಂದ. ಹಲ್ಲಿಲ್ಲದವರ, ತೊದಲುವವರ ಧ್ವನಿಯಲ್ಲಿ ಬಿಟ್ಟುಹೋದ ಸದ್ದನ್ನು ಅವರದೇ ಬೇರೆ ಮಾತುಗಳಿಂದ ಹೆಕ್ಕಿ ತುಂಬುವ ಗುಂಡಿ ಅದು. ದಾಖಲೆಯ ದಿನ ಮುಟ್ಟುವುದಿಲ್ಲವೆಂದು ಭವಿತಾ ನಶೀದಾ ಇಬ್ಬರೂ ಸಹಿ ಹಾಕಿದ್ದರು. "ಸಹಿ ಹಾಕಿದ್ದೇವಲ್ಲ" ಎಂದಳು. "ಇದು ಮೋಸ ಅಲ್ಲ ಮೇಡಂ, ಕನ್ನಡಕ ಇದ್ದ ಹಾಗೆ. ಧ್ವನಿ ಅವರದ್ದೇ ಅಲ್ವಾ." ಸಭೆ ಗುಜುಗುಜು ಎನ್ನುತ್ತಿತ್ತು. ದೊಡ್ಡವ್ವನ ಅವಮಾನ ನೋಡಲಾಗದೆ ಒತ್ತಿದೆ ಎಂದು ಮೊದಲ ಒಂದು ವಾರ ಅವಳು ತನಗೆ ಹೇಳಿಕೊಂಡಳು. ಈಗ ಹಾಗೆ ಹೇಳಿಕೊಳ್ಳುವುದನ್ನು ಬಿಟ್ಟಿದ್ದಾಳೆ. ಆ ಕೆಂಪು ಪರದೆಯ ಎದುರು ದಡ್ಡಿಯಾಗಿ ಕುಳಿತದ್ದು ತಾನು. ಯಂತ್ರ 'ಕೂತ್ಕೋ'ವಿನಿಂದ ಒಂದು ಕೂ ತೆಗೆದುಕೊಂಡಿತು, 'ಸುಳ್ಯ'ದಿಂದ ಒಂದು ಸು. ಟಿಕ್. ಹಸಿರು. 0001. ಸಭಾಂಗಣದಲ್ಲಿ ಯಾರಿಗೂ ಆ ಧ್ವನಿ ಕೇಳಿಸಲಿಲ್ಲ, ಅಂಕಿ ಮಾತ್ರ ಕಂಡಿತು. ಪ್ರೇಮಾವತಿ, ಯಂತ್ರಕ್ಕೆ ಕೊನೆಗೂ ಬುದ್ಧಿ ಬಂತು ಎಂಬ ಹಾಗೆ ನಕ್ಕು ಚೀಟಿಯನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಂಡು ಇಳಿದಳು.

ಅದೇ ಸಂಜೆ ನಶೀದಾ ಪುತ್ತೂರಿನ ಕೇಂದ್ರದಿಂದ ಫೋನು ಮಾಡಿದ್ದಳು. "ನನ್ನ ಉಮ್ಮನನ್ನೇ ಕೆಂಪು ಮಾಡಿದೆ ಮಾರಾಯ್ತಿ. ವಾಕ್ಯಕ್ಕಿಂತ ಮೊದಲು ದೇವರ ಹೆಸರು ತೆಗೆದು ಬಿಸ್ಮಿ ಹೇಳ್ತಾರೆ. ಬಿಟ್ಟು ಹೇಳಿ ಅಂದ್ರೆ, ಬಿಸ್ಮಿ ಬಿಟ್ಟು ನಾನು ಬಾಯಿ ತೆಗಿಯುದಿಲ್ಲ, ನಿನ್ನ ದಾಖಲೆ ನಿನ್ನತ್ರವೇ ಇರ್ಲಿ ಅಂತ ಎದ್ದು ಹೋದ್ರು. ಇವತ್ತು ನನಗೆ ಅನ್ನ ಹಾಕ್ತಾರಾ ಇಲ್ವಾ ನೋಡ್ಬೇಕು." ಭವಿತಾ ನಕ್ಕಳು. ನಗುವಾಗ ತನ್ನ ನಗು ಎಷ್ಟು ಉದ್ದ ಇರಬೇಕೆಂದು ಲೆಕ್ಕ ಹಾಕಿದ್ದು ಅವಳಿಗೆ ನೆನಪಿದೆ. ನಶೀದಾಳ ಉಮ್ಮ ಬೀಬಿ ಮೂರು ದಿನ ಮಗಳ ಹತ್ತಿರ ಮಾತಾಡಲಿಲ್ಲವಂತೆ. ನಾಲ್ಕನೆಯ ದಿನ ಪತ್ತಿರಿ ಮಾಡಿ ಕಾಲೇಜಿಗೇ ಕಳಿಸಿದ್ದರು, ಭವಿತಾಳಿಗೂ ಎರಡು. ಅಕ್ಕಿಯ ಆ ತೆಳು ರೊಟ್ಟಿಯಲ್ಲಿ ಒಂದನ್ನು ತಿಂದು, ಇನ್ನೊಂದನ್ನು ಅವಳು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಿದ್ದಳು.

ಜಾಲ್ಸೂರಿನಲ್ಲಿ ಇಳಿದು ರಸ್ತೆ ದಾಟಿದಳು. ಲತೀಶನ ಆಟೋ ಗ್ಯಾರೇಜಿನ ಹಿಂದೆಯೇ ಮನೆ. ಕೂಸಪ್ಪ ಜಗಲಿಯಲ್ಲಿ ಕಾಯುತ್ತಿದ್ದ, ಅಂಗಿಯ ಕಿಸೆಯಲ್ಲಿ ಫೋನು. "ಬಾ ಬಾ. ಚಪ್ಪಲಿ ಆಮೇಲೆ ತೆಗಿ, ಮೊದಲು ನನಗೊಂದು ಕಾಲ್ ಮಾಡು." ಎದುರಿಗೇ ನಿಂತು ಅವಳು ಅವನಿಗೆ ಕರೆ ಮಾಡಬೇಕಾಯಿತು. ಅವನ ಕಿಸೆಯೊಳಗಿನಿಂದ ಪ್ರೇಮಾವತಿಯ ಧ್ವನಿ ಬಂತು: ಕೂಸು ಒರ್ಗಿಟು. ಕೂಸು ಒರ್ಗಿಟು. ಮೊನ್ನೆ ಕಂಪೆನಿಯವರು ಪ್ರಚಾರಕ್ಕೆಂದು ಹರಿಯಬಿಟ್ಟ ತುಣುಕಿನಿಂದ ಲತೀಶ್ ಕತ್ತರಿಸಿ ಹಾಕಿಕೊಟ್ಟದ್ದು. ಕೂಸಪ್ಪ ಫೋನು ತೆಗೆಯಲಿಲ್ಲ, ಕತ್ತು ಒಂದು ಕಡೆ ವಾಲಿಸಿ ಕಿಸೆಯ ಕಡೆಗೆ "ಓ" ಎಂದ. ಹೆಂಡತಿ ಕರೆದರೆ ಗಂಡ ಓಗೊಡುವ ಹಾಗೆ. "ಕೇಳಿದ್ಯಾ? ನನ್ನ ಅವ್ವ ನನ್ನನ್ನು ಕೂಸು ಅಂತಲೇ ಕರೀತಾ ಇದ್ದದ್ದು. ಅವ್ವ ಹೋದ ಮೇಲೆ ಈ ಮನೆಯಲ್ಲಿ ಆ ಶಬ್ದ ಕೇಳಿದ್ದು ಈಗಲೇ. ಇವಳು ಯಂತ್ರಕ್ಕೆ ಹೇಳಿದ್ಳು, ನನಗೆ ಹೇಳ್ಲಿಲ್ಲ. ಇರ್ಲಿ. ಗೋಡೆಯ ಆಚೆಯಿಂದ ಕದ್ದು ಕೇಳಿದ ಹಾಗೆ ಆಯ್ತು ನನಗೆ." ಎಪ್ಪತ್ತೈದರ ಮುಖದಲ್ಲಿ ಒಂದು ನಾಚಿಕೆ ಓಡಾಡಿತು. ಭವಿತಾ ಬಗ್ಗಿ ಚಪ್ಪಲಿಯ ಪಟ್ಟಿ ಬಿಚ್ಚಿದಳು, ಬಿಚ್ಚಿದ ಮೇಲೂ ಸ್ವಲ್ಪ ಹೊತ್ತು ಬಗ್ಗಿಯೇ ಇದ್ದಳು.

ಅಡುಗೆಮನೆಯಲ್ಲಿ ಪ್ರೇಮಾವತಿ ಕಾಯಿ ತುರಿಯುತ್ತಿದ್ದಳು. ಸೊಸೆ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದ ಸದ್ದು. ಲತೀಶನ ಎಂಟು ತಿಂಗಳ ಮಗಳು ಪಕ್ಕದ ಕೋಣೆಯಲ್ಲಿ ತೊಟ್ಟಿಲಲ್ಲಿ ಒಬ್ಬಳೇ ಏನೋ ಹೇಳಿಕೊಳ್ಳುತ್ತಿದ್ದಳು. ಪ್ರೇಮಾವತಿ ಬಾಗಿಲ ಕಡೆ ನೋಡಿ, ಧ್ವನಿ ಇಳಿಸಿ, "ಒಂದು ಕೇಳ್ತೇನೆ, ಸತ್ಯ ಹೇಳ್ಬೇಕು. ಆ ದಿವಸ ನಾನು ಎಂತ ಹೇಳಿದ್ದು?" ಎಂದಳು. ಭವಿತಾ ಯಾವ ದಿವಸ ಎಂದು ಕೇಳಿದಳು. ಹಾಗೆ ಕೇಳಿದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯಾಯಿತು. "ನನಗೆ ನೆನಪಿರುದು ಮೂರು ಸಲ ಕುಂಞಿ ಅಂದದ್ದು. ಬೇಕಂತಲೇ ಹಾಗೆ ಹೇಳಿದ್ದು ನಾನು. ಕಡೆಗೆ ಅದು ಹಸಿರಾಯ್ತು, ನಾನು ಇಳಿದೆ. ಇವರ ಫೋನಿನಲ್ಲಿ ನೋಡಿದ್ರೆ ನಾನು ಬೇರೆ ಹೇಳ್ತೇನೆ. ಸ್ವರ ನನ್ನದೇ. ಇಲ್ಲ ಅಂತ ಹೇಗೆ ಹೇಳುದು?" ತುರಿಮಣೆಯಿಂದ ಕೈ ತೆಗೆದು ನೋಡಿಕೊಂಡಳು. "ನಮ್ಮ ಅಕ್ಕನಿಗೆ ಹೀಗೇ ಶುರುವಾದ್ದು. ಹೇಳಿದ್ದು ಹೇಳಿಲ್ಲ ಅಂತಿದ್ಳು. ಮತ್ತೆ ಮಕ್ಕಳನ್ನು ನೋಡಿ ನೀವು ಯಾರು ಅಂತ ಕೇಳಿದ್ಳು. ನಾನೀಗ ಬೆಳಿಗ್ಗೆ ಎದ್ದು ಇವರ ಬಸ್ಸಿನ ಸ್ಟಾಪು ಹೇಳಿ ನೋಡ್ತೇನೆ. ಪಂಜಿಕಲ್ಲು, ಆದೂರು, ಮುಳ್ಳೇರಿಯ, ಬೋವಿಕ್ಕಾನ, ಚೆರ್ಕಳ. ನಿನ್ನೆ ಬೋವಿಕ್ಕಾನ ಬಿಟ್ಟುಹೋಯ್ತು." ಲತೀಶ್ ಗುರುವಾರಕ್ಕೆ ಪುತ್ತೂರಿನಲ್ಲಿ ಡಾಕ್ಟರ ಹತ್ತಿರ ಹೆಸರು ಬರೆಸಿದ್ದಾನಂತೆ. "ನೀನು ಅಲ್ಲೇ ಕೂತಿದ್ದಿ. ನೀನು ಮಾತಿನಲ್ಲಿ ಜಾಗ್ರತೆಯವಳು. ನೀನು ಹೇಳಿದ್ರೆ ನಾನು ನಂಬ್ತೇನೆ."

ಹೇಳುವುದಕ್ಕೆಂದೇ ಬಂದದ್ದು ಎಂದು ಭವಿತಾಳಿಗೆ ಆ ಗಳಿಗೆಯಲ್ಲಿ ಖಚಿತವಾಯಿತು. ಎರಡು ವಾಕ್ಯ ಸಾಕು. ನೀವು ಹೇಳಿಲ್ಲ ದೊಡ್ಡವ್ವ, ಯಂತ್ರ ಹೊಲಿದದ್ದು, ಗುಂಡಿ ಒತ್ತಿದ್ದು ನಾನು. ನಾಲಿಗೆಯ ಮೇಲೆ ಮೊದಲ ಪದ ಬಂದು ಕುಳಿತಿತ್ತು. ಅಷ್ಟರಲ್ಲಿ ಜಗಲಿಯಲ್ಲಿ ಫೋನು ಬಡಿಯಿತು. ಕೂಸು ಒರ್ಗಿಟು. "ಓ" ಎಂದ ಕೂಸಪ್ಪ. ಆ ಓ ಮನೆಯೊಳಗೆಲ್ಲ ಬಂತು. ಪ್ರೇಮಾವತಿ ತಲೆ ತಗ್ಗಿಸಿದಳು. ಕಿವಿಯ ಹಿಂದಿನ ಬಿಳಿಕೂದಲು ಬೆವರಿಗೆ ಅಂಟಿಕೊಂಡಿತ್ತು. ಈ ಓ ಇಲ್ಲದಂತೆ ಮಾಡುವುದು ಹೇಗೆ ಎಂದು ಭವಿತಾ ಯೋಚಿಸಿದಳು. ಅದರ ಜೊತೆಯಲ್ಲೇ, ಅಷ್ಟೇ ವೇಗವಾಗಿ, ದಾಖಲೆಯ ಪತ್ರ, ಸಹಿ, ನಶೀದಾಳ ಮುಖ, ಮೊದಲ ಧ್ವನಿಯೇ ಸುಳ್ಳಾದರೆ ಉಳಿದ ಆರು ಸಾವಿರದ ಇನ್ನೂರ ಹದಿಮೂರು ಜನ ಎಂದೂ ಯೋಚಿಸಿದಳು. ಯಾವುದು ಮೊದಲು ಬಂತೆಂದು ಆಮೇಲೆ ಎಷ್ಟು ಕೆದಕಿದರೂ ಅವಳಿಗೆ ತಿಳಿಯಲಿಲ್ಲ. "ಗಡಿಬಿಡಿಯಲ್ಲಿ ಬಾಯಿಗೆ ಬಂದಿರ್ಬೇಕು ದೊಡ್ಡವ್ವ. ಮರೆವಲ್ಲ ಅದು. ಅಷ್ಟು ಜನರ ಎದುರು ಯಾರಿಗೂ ಹಾಗೆ ಆಗ್ತದೆ."

"ಬಂದಿದೆಯಾ ಹಾಗಾದ್ರೆ."

"ಹ್ಞೂಂ."

ಪ್ರೇಮಾವತಿ ತುರಿದ ಕಾಯಿಯನ್ನು ಒಟ್ಟು ಮಾಡಿದಳು. "ಆಗ್ಲಿ" ಎಂದಳು. ತಟ್ಟೆಯನ್ನು ಹತ್ತಿರ ಎಳೆದುಕೊಂಡು, "ಹೋದದ್ದು ಹೋಯ್ತು. ಇವರು ಗಟ್ಟಿಯೇ ಇದ್ದಾರಲ್ಲ" ಎಂದಳು. ಎರಡೂ ಮಾತನ್ನು ಅವಳು ಭವಿತಾಳಿಗೆ ಹೇಳಲಿಲ್ಲ, ಕಾಯಿಗೆ ಹೇಳಿದಳು.

ಊಟದಲ್ಲಿ ಕೋಳಿಗೆ ಉಪ್ಪು ಸ್ವಲ್ಪ ಮುಂದಾಗಿತ್ತು. ಊಟ ಮುಗಿದ ಮೇಲೆ ಪಕ್ಕದ ಮನೆಯ ಮೊಯ್ದಿನಬ್ಬ ಬಂದರು; ಕೂಸಪ್ಪನ ಬಸ್ಸನ್ನು ಹತ್ತೊಂಬತ್ತು ವರ್ಷ ಓಡಿಸಿದವರು. ಅವರಿಗೆ ಕೇಳಿಸುವುದಕ್ಕೆ ಕೂಸಪ್ಪ ಅವರಿಂದಲೇ ಕರೆ ಮಾಡಿಸಿದ; ಫೋನು ಮತ್ತೆ ಬಡಿಯಿತು, ಮತ್ತೆ ಬಡಿಯಿತು. "ಇನ್ನು ನಿಮಗೆ ಕಿವಿ ಕೇಳುದಿಲ್ಲ ಅಂತ ಹೇಳುವ ಹಾಗಿಲ್ಲ ಕೂಸಪ್ಪಣ್ಣ" ಎಂದರು ಮೊಯ್ದಿನಬ್ಬ. "ಹತ್ತೊಂಬತ್ತು ವರ್ಷ ನಾನು ಹಾರ್ನು ಹೊಡೆದ್ರೂ ನೀವು ಓ ಅನ್ಲಿಲ್ಲ." ಇಬ್ಬರೂ ದೊಡ್ಡದಾಗಿ ನಕ್ಕರು. ಸೊಸೆ ಕೊಡಪಾನ ಎತ್ತಿಕೊಂಡು ಬಾವಿಯ ಕಡೆ ಹೋದಳು. ಒಳಕೋಣೆಯಲ್ಲಿ ಭವಿತಾ ಕಿಟಕಿಯ ದಂಡೆಗೆ ಒರಗಿದ್ದಳು, ಪ್ರೇಮಾವತಿ ನೆಲದಲ್ಲಿ ಕುಳಿತು ಒಂದು ಕೈಯಿಂದ ತೊಟ್ಟಿಲ ಹಗ್ಗ ಎಳೆಯುತ್ತಿದ್ದಳು, ಇನ್ನೊಂದು ಕೈಯಲ್ಲಿ ನೀರಿನ ಲೋಟ. ಮಗುವಿನ ಕಣ್ಣು ಆಗಷ್ಟೇ ಮುಚ್ಚಿತ್ತು. ಜಗಲಿಯ ನಗೆಗೆ ಅದು ಬೆಚ್ಚಿ ಕೈ ಅಗಲಿಸಿತು. ಪ್ರೇಮಾವತಿ ಹಗ್ಗ ಬಿಟ್ಟು ಬಾಗಿಲ ಕಡೆ ತಿರುಗಿದಳು. ಬಾಯಿ ತೆರೆದಳು. ಕುಂಞಿ ಎನ್ನುವುದಕ್ಕೆ ತುಟಿ ಸಿದ್ಧವಾದದ್ದು ಭವಿತಾಳಿಗೆ ಕಾಣಿಸಿತು. ತುಟಿ ಅಲ್ಲಿ ನಿಂತಿತು, ಬದಲಾಯಿತು.

"ಕೂ... ಸು ಒರ್ಗಿಟು," ಎಂದಳು ಪ್ರೇಮಾವತಿ. "ಮೆಲ್ಲ ಮಾತಾಡಿ."

ಯಂತ್ರ ಹೇಳಿದ ಹಾಗೆ ಇರಲಿಲ್ಲ ಅದು. ಯಂತ್ರದ್ದು ನುಣುಪಾಗಿತ್ತು, ಎರಡು ಅಕ್ಷರ ಸಂಧಿ ಕಾಣದ ಹಾಗೆ ಕೂಡಿದ್ದವು. ಇದರಲ್ಲಿ ಕೂ ಆದ ಮೇಲೆ ಒಂದು ಬಿರುಕು, ಅಷ್ಟು ವರ್ಷ ತೆರೆಯದ ಬಾಗಿಲನ್ನು ಹೆಗಲು ಕೊಟ್ಟು ದೂಡಿದಾಗ ಆಗುವಂಥದ್ದು, ಆಮೇಲೆ ಬರೀ ಉಸಿರಿನಲ್ಲಿ ಒಂದು ಸು. ಜಗಲಿಗೆ ಕೇಳಿಸಲಿಲ್ಲ. ಅಲ್ಲಿ ಫೋನು ಇನ್ನೂ ಬಡಿಯುತ್ತಿತ್ತು, ಕೂಸಪ್ಪ ಅದಕ್ಕೆ ಓ ಎನ್ನುತ್ತಿದ್ದ. ಪ್ರೇಮಾವತಿ ಭವಿತಾಳ ಕಡೆ ನೋಡಿದಳು. ಹೇಗೂ ಒಡೆದುಹೋದ ಪಾತ್ರೆಯ ಚೂರನ್ನು ತಾನೇ ಕೈಯಾರೆ ಇನ್ನಷ್ಟು ಒಡೆದವಳ ಮುಖ. ಲೋಟವನ್ನು ನೆಲಕ್ಕಿಟ್ಟಳು. ಟಿಕ್ ಎಂದಿತು.

ಸಂಜೆಯ ಬಸ್ಸು ಕಾವು ದಾಟುವಾಗ ಅವಿನ್ ಫೋನು ಮಾಡಿ ಎಂತ ವಿಶೇಷ ಎಂದು ಕೇಳಿದ. ಏನಿಲ್ಲ, ಕೋಳಿ ಚೆನ್ನಾಗಿತ್ತು ಎಂದಳು. ಆಮೇಲೆ ಮಡಿಲಲ್ಲಿ ಫೋನು ಇಟ್ಟುಕೊಂಡು, ನಶೀದಾಳ ಹೆಸರಿನವರೆಗೆ ಹೋಗಿ ಬೆರಳು ನಿಲ್ಲಿಸಿದಳು. ನಶೀದಾ ಮೊದಲು ಬೈಯುತ್ತಾಳೆ, ಆಮೇಲೆ ಕೇಳುತ್ತಾಳೆ, ಕೊನೆಗೆ ಗುರುವಾರದ ಡಾಕ್ಟರ ವಿಷಯಕ್ಕೆ ಬಂದು, ಈಗಲೇ ವಾಪಸ್ಸು ಹೋಗು ಎನ್ನುತ್ತಾಳೆ. ಇವತ್ತು ಬೆಳಿಗ್ಗೆಯಾಗಿದ್ದರೆ ವಾಪಸ್ಸು ಹೋಗುವುದಕ್ಕೆ ಒಂದು ಅರ್ಥವಿತ್ತು. ಬೆಳಿಗ್ಗೆ ಆ ಪದ ಇನ್ನೂ ದೊಡ್ಡವ್ವನ ಬಳಿಯೇ ಇತ್ತು. ಈಗ ಹೋಗಿ ನೀವು ಹೇಳಿರಲಿಲ್ಲ ಎಂದರೆ, ಹೇಳಿರದೆ ಇದ್ದವಳು ತನ್ನ ಮಾತು ನಂಬಿ ಹೇಳಿದಳು ಎಂದೂ ಹೇಳಬೇಕಾಗುತ್ತದೆ. ಆ ನಿಜವಾದ 'ಕೂಸು' ಕೇಳಿಸಿದ್ದು ಲೋಕದಲ್ಲಿ ತನಗೊಬ್ಬಳಿಗೇ. ಅದನ್ನು ಕಾದಿದ್ದ ಮನುಷ್ಯನಿಗೆ ಅದು ತಲುಪಿಲ್ಲ, ತಲುಪುವುದೂ ಇಲ್ಲ. ಈ ಬಸ್ಸಿನಲ್ಲೂ ಎದುರಿನ ಸೀಟಿಗೆ ಅಂಟಿಸಿದ್ದ ಅದೇ ಜಾಹೀರಾತಿನ ಕಿತ್ತ ತುದಿ ಗಾಳಿಗೆ ಪಟಪಟ ಎನ್ನುತ್ತಿತ್ತು. ಭವಿತಾ ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ಕೈ ತೆಗೆದರೆ ಮತ್ತೆ ಏಳುತ್ತಿತ್ತು, ಹಾಗಾಗಿ ತೆಗೆಯಲಿಲ್ಲ. ಯಾರಿಗೂ ಹೇಳುವುದಿಲ್ಲ ಎಂದುಕೊಂಡಳು. ಅವಿನ್‌ಗೆ ಇಲ್ಲ, ನಶೀದಾಳಿಗೆ ಇಲ್ಲ, ದೊಡ್ಡವ್ವನಿಗೆ ಇಲ್ಲವೇ ಇಲ್ಲ. ಕುಂಬ್ರದಲ್ಲಿ ಕಂಡಕ್ಟರು ಬಂದು ಎಲ್ಲಿಗೆ ಎಂದು ಎರಡು ಸಲ ಕೇಳಿದ ಮೇಲೆ ಅವಳು ಪುತ್ತೂರು ಎಂದಳು, ಬಹಳ ಮೆಲ್ಲಗೆ.